ಹೆಸರು ಕೂಗುವ ಕೆಲಸ

ಏರ್‌ಪೋರ್ಟಿನಲ್ಲಿ ಕೆಲಸ ಅಂದರೆ ಜನ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಗಗನಸಖಿಯ ವಯಸ್ಸಲ್ಲ, ಪೈಲಟ್ಟಿನ ಗತ್ತಿಲ್ಲ. "ಅಲ್ಲಿ ಏನು ಮಾಡ್ತೀರಿ?" ಅಂತ ಕೇಳುತ್ತಾರೆ. "ಕೂಗ್ತೀನಿ" ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ತಮಾಷೆಯಲ್ಲ, ಸಂಬಳ ಕೊಡುವುದೇ ಅದಕ್ಕೆ.

ಚೆನ್ನೈ ಏರ್‌ಪೋರ್ಟಿನಲ್ಲಿ ಈಗ ಮೈಕು ಹೆಚ್ಚಾಗಿ ಮಾತಾಡುವುದಿಲ್ಲ. ಗದ್ದಲ ಬೇಡ, ಬೋರ್ಡ್ ನೋಡಿಕೊಂಡು ಜನ ತಾವೇ ಗೇಟಿಗೆ ಬರಲಿ ಅಂತ ಏರ್ಪಾಡು. ಬಹಳ ಜನ ಬರುತ್ತಾರೆ. ಪ್ರತಿ ವಿಮಾನಕ್ಕೂ ಒಬ್ಬಿಬ್ಬರು ಬರುವುದಿಲ್ಲ. ಅವರನ್ನು ಹುಡುಕಿ ತರುವುದು ನನ್ನ ಪಾಲು. ನಮ್ಮದು ಮೂರು ತಲೆಮಾರಿನಿಂದ ಇದೇ ಊರಿನ ಟ್ರಿಪ್ಲಿಕೇನಿನಲ್ಲಿರುವ ಕನ್ನಡದ ಮನೆ. ನೀರಿನ ಲಾರಿ ಬಂದರೆ ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಕೂಗಿ ಬೆಳೆದ ಗಂಟಲು ನನ್ನದು. ಒಬ್ಬ ಪ್ರಯಾಣಿಕರನ್ನೂ ಬಿಟ್ಟು ಗೇಟು ಮುಚ್ಚಬಾರದು ಅಂತ ನನಗೆ ಒಂದು ಹಠ. ಬಾರದೆ ಉಳಿಯುವವರಿಗೂ ಅಷ್ಟೇ ಹಠ ಇರುವುದರಿಂದ ಏನಾದರೂ ಒಂದು ಆಗುತ್ತಲೇ ಇರುತ್ತದೆ.

ಮೊನ್ನೆ ಕೂಡ "ಕೊಯಮತ್ತೂರು, ಕೊಯಮತ್ತೂರು, ಕೊಯಮತ್ತೂರು" ಅಂತ ಕೂಗುತ್ತಾ ಹೋಗುತ್ತಿದ್ದೆ. ಬ್ಯಾಗು ಹೆಗಲಿಗೇರಿಸಿಕೊಂಡು ಒಬ್ಬರು ಎದ್ದು ಬಂದು ಕೇಳಿದರು: "ಸೇಲಂನಲ್ಲಿ ನಿಲ್ಲುತ್ತಾ ಅಮ್ಮಾ?"

ಅಪ್ಪನ ಹೆಸರು

ಮುಂಬೈ ವಿಮಾನ. ಎಲ್ಲರೂ ಹತ್ತಿಯಾಗಿತ್ತು, ವೆಂಕಟಾಚಲಂ ಅನ್ನುವವರೊಬ್ಬರು ಬಾಕಿ. ಕಾಫಿ ಅಂಗಡಿ, ಪುಸ್ತಕದಂಗಡಿ, ಫೋನ್ ಚಾರ್ಜಿಗೆ ಹಾಕುವ ಮೂಲೆ, ಎಲ್ಲ ಕಡೆ ಕೂಗಿ ಬಂದೆ. ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಕೂಗಿದೆ. ಒಳಗಿಂದ ಯಾರೋ "ನಾನಲ್ಲ" ಅಂದರು.

ನಮ್ಮ ಗೇಟಿನ ಎದುರಿನ ಕುರ್ಚಿಯಲ್ಲಿ ಒಬ್ಬರು ಪೇಪರ್ ಓದುತ್ತಾ ಕೂತಿದ್ದರು. ನನ್ನ ಪಾಡು ನೋಡಲಾರದೆ ಪೇಪರ್ ಮಡಚಿಟ್ಟು ಎದ್ದರು. "ನೀವು ಆ ಕಡೆ ನೋಡಿ, ನಾನು ಈ ಕಡೆ ನೋಡ್ತೀನಿ" ಅಂದು ತಾವೂ ಕೂಗಲು ಶುರು ಮಾಡಿದರು. "ವೆಂಕಟಾಚಲಂ ಸಾರ್, ಸೀಕ್ರಂ ವಾಂಗ", ಬೇಗ ಬನ್ನಿ ಅಂತ. ಗಂಟಲು ಚೆನ್ನಾಗಿತ್ತು. ಕೆಲಸಕ್ಕೆ ಸೇರಿಸಿಕೊಳ್ಳಬಹುದಾಗಿತ್ತು.

ಇಬ್ಬರೂ ಸುತ್ತಿ ಬರಿಗೈಯಲ್ಲಿ ಗೇಟಿಗೆ ಬಂದೆವು. ಆಗ ನೋಡುತ್ತೇನೆ, ಅಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಇಲ್ಲ.

"ಸರ್, ನಿಮ್ಮದು ಯಾವ ಫ್ಲೈಟು?"

"ಇದೇ. ಕ್ಯೂ ಕರಗಲಿ ಅಂತ ಕೂತಿದ್ದೆ."

ಬೋರ್ಡಿಂಗ್ ಪಾಸ್ ಇಸಿದುಕೊಂಡು ನೋಡಿದೆ. ದೊಡ್ಡಕ್ಷರದಲ್ಲಿ ವೆಂಕಟಾಚಲಂ, ಅದರ ಮುಂದೆ ಮಣಿ.

"ಸರ್, ಇಷ್ಟು ಹೊತ್ತು ಕೂಗಿದ್ದು ನಿಮ್ಮನ್ನೇ."

"ನಾನು ಮಣಿ. ವೆಂಕಟಾಚಲಂ ನಮ್ಮಪ್ಪ" ಅಂದರು. ನಮ್ಮ ಕಡೆ ಮನೆತನದ ಹೆಸರಿಲ್ಲದವರು ಟಿಕೆಟ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಹಾಕುತ್ತಾರೆ. ನಮ್ಮ ಮೆಷಿನು ಅದನ್ನೇ ಮೊದಲು ತೋರಿಸುತ್ತದೆ. ಅವರಿಗೆ ಅದನ್ನು ಬಿಡಿಸಿ ಹೇಳಿದೆ. ಪಾಸನ್ನು ವಾಪಸು ತೆಗೆದುಕೊಂಡು ಗಂಭೀರವಾಗಿ ಅಂದರು: "ನಾನೂ ಅಂದುಕೊಂಡೆ ಮೇಡಂ. ನಮ್ಮಪ್ಪನ ಹೆಸರಿಟ್ಟುಕೊಂಡವರು ನಮ್ಮಪ್ಪನ ಹಾಗೇ ಇರ್ತಾರೆ, ಹೇಳಿದ ಟೈಮಿಗೆ ಬರಲ್ಲ ಅಂತ."

ಒಂದು ಕುದಿ

ಇನ್ನೊಂದು ದಿನ ಹೈದರಾಬಾದ್ ವಿಮಾನಕ್ಕೆ ಒಬ್ಬ ಹಿರಿಯರು ನಾಪತ್ತೆ. ಸೆಕ್ಯೂರಿಟಿ ದಾಟಿ ಒಳಗೆ ಬಂದಾಗಿದೆ, ಗೇಟಿಗೆ ಬಂದಿಲ್ಲ. ತಿಂಡಿ ಅಂಗಡಿಗಳ ಸಾಲಿನಲ್ಲಿ ಒಂದು ಕಡೆ ಜನ ಗುಂಪುಗೂಡಿದ್ದರು. ಹೋಗಿ ನೋಡಿದರೆ ಬಿಳಿ ಪಂಚೆ, ಬಿಳಿ ಶರ್ಟಿನ ಒಬ್ಬರು ಕೌಂಟರಿನ ಮೇಲಿಂದ ಅರ್ಧ ಮೈ ಒಳಗೆ ಬಗ್ಗಿಸಿ, ಸಾಂಬಾರಿನ ಪಾತ್ರೆಗೆ ಸೌಟು ಹಾಕಿ ತಿರುಗಿಸುತ್ತಿದ್ದಾರೆ. ಅಂಗಡಿಯ ಅಡುಗೆಯವನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಾನೆ.

ತಮಿಳಿನಲ್ಲಿ ಹೆಸರು ಹೇಳಿ ಕರೆದೆ. ತಿರುಗಲಿಲ್ಲ. ಪಾತ್ರೆಯೊಳಗೆ ನೋಡುತ್ತಲೇ ತಮ್ಮಷ್ಟಕ್ಕೆ ಕನ್ನಡದಲ್ಲಿ, "ಹುಳಿ ಹಾಕಿದ ಮೇಲೆ ಕುದಿಸ್ಲಿಕ್ಕೆ ಎಂಥ ದಾಡಿ ಇವಕ್ಕೆ" ಅಂದರು. ಉಡುಪಿ ಕಡೆಯ ಮಾತು. ಎಗ್ಮೋರಿನಲ್ಲಿ ಐವತ್ತು ವರ್ಷದಿಂದ ಹೋಟೆಲು ನಡೆಸುವವರು ಅಂತ ಆಮೇಲೆ ತಿಳಿಯಿತು.

"ಸರ್, ಗೇಟು ಮುಚ್ತಾರೆ, ಬನ್ನಿ" ಅಂತ ಕನ್ನಡದಲ್ಲೇ ಅಂದೆ.

ಈಗ ತಿರುಗಿದರು. "ಕನ್ನಡದವಳಾ ನೀನು? ಒಳ್ಳೇದಾಯ್ತು. ಇವನಿಗೆ ಸ್ವಲ್ಪ ಹೇಳು ಮಾರಾಯ್ತಿ. ಇದು ಸಾಂಬಾರಲ್ಲ, ಬೇಳೆ ತೊಳೆದ ನೀರು."

"ಹೇಳ್ತೀನಿ ಸರ್. ನೀವು ಮೊದಲು ಬನ್ನಿ. ವಿಮಾನ ನಿಲ್ಲಲ್ಲ."

"ಒಂದು ಕುದಿ ಬರಲಿ."

"ಅಷ್ಟು ಹೊತ್ತಿಲ್ಲ ಸರ್."

"ಕುದಿ ಬಾರದೆ ಒಲೆ ಬಿಟ್ಟು ಹೋಗ್ಲಿಕ್ಕುಂಟಾ?"

ವಾದ ಮಾಡಿ ಪ್ರಯೋಜನವಿಲ್ಲ ಅಂತ ಗೊತ್ತಾಯಿತು. ಅಡುಗೆಯವನಿಗೆ ಒಲೆಯ ಉರಿ ಜಾಸ್ತಿ ಮಾಡು ಅಂದೆ. ಗುಂಪು, ನಾನು, ಹೋಟೆಲ್ ಯಜಮಾನರು, ಎಲ್ಲರೂ ಪಾತ್ರೆಯನ್ನೇ ನೋಡುತ್ತಾ ನಿಂತೆವು. ಗುಳುಗುಳು ಅಂದ ಕೂಡಲೇ ಅವರ ತೋಳು ಹಿಡಿದು ಹೊರಡಿಸಿದೆ. ಪಂಚೆ ಎತ್ತಿಕಟ್ಟಿ ನನಗಿಂತ ಜೋರಾಗಿ ಓಡಿದರು, ಅದು ಬೇರೆ ಮಾತು. ಒಳಗೆ ಹತ್ತಿಸಿ ನಾನು ಏದುಸಿರು ಬಿಡುತ್ತಾ ನಿಂತಿದ್ದೆ. ವಿಮಾನದ ಬಾಗಿಲು ಹಾಕುವ ಹುಡುಗಿ ಹೊರಗೆ ತಲೆ ಹಾಕಿ, "ಅಕ್ಕಾ, ಆ ಸರ್ ನಿಮಗೆ ಏನೋ ಅರ್ಜೆಂಟ್ ಹೇಳಬೇಕಂತೆ" ಅಂದಳು. ಔಷಧಿಯೋ ಫೋನೋ ಬಿಟ್ಟು ಬಂದಿದ್ದಾರೆ ಅಂತ ಗಾಬರಿಯಾಯಿತು.

"ಏನಂತೆ?"

"ಒಲೆ ಸಣ್ಣ ಮಾಡಬೇಕಂತೆ."

ಕಿವಿಗೆ ಹಾಕಿಕೊಂಡವರು

ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಗಳವರು ಸೋಮವಾರ ಬೆಳಿಗ್ಗೆ ತುಂಬಾ ಬರುತ್ತಾರೆ. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು, ತೊಡೆಯ ಮೇಲೆ ಲ್ಯಾಪ್‌ಟಾಪು. ಪುಣೆ ವಿಮಾನಕ್ಕೆ ಬಾಕಿ ಉಳಿದವನನ್ನು ನಾನು ಕಂಡುಹಿಡಿದದ್ದು ಅವನ ಕೊರಳಿನ ಆಫೀಸ್ ಕಾರ್ಡಿನಿಂದ. ಕಂಬದ ಹಿಂದೆ ಕೂತು ಮೀಟಿಂಗಿನಲ್ಲಿದ್ದ. ಎದುರು ನಿಂತು ಹೆಸರು ಕೂಗಿದೆ. ಕೇಳಿಸಲಿಲ್ಲ. ಕೈ ಬೀಸಿದೆ. ತಲೆಯೆತ್ತದೆ ಒಂದು ಬೆರಳು ತೋರಿಸಿದ, ಒಂದು ನಿಮಿಷ ಅಂತ. ಗೇಟಿನ ಕಡೆ ಕೈ ಮಾಡಿದೆ. ನಾನು ಜಾಗ ಕೇಳುತ್ತಿದ್ದೇನೆ ಅಂದುಕೊಂಡು ಪಕ್ಕದ ಕುರ್ಚಿಯ ಮೇಲಿನ ಬ್ಯಾಗು ತೆಗೆದು ಕೂರಿ ಅಂತ ಸನ್ನೆ ಮಾಡಿದ.

ಬಿಡುವವಳಲ್ಲ ನಾನು. ಅವನ ಪಕ್ಕದಲ್ಲೇ ಕೂತೆ. ಮುಖ ಅವನ ಮುಖದ ಹತ್ತಿರ ತಂದು, ನೀರಿನ ಲಾರಿಗೆ ಕೂಗುವ ಗಂಟಲಲ್ಲಿ ಅವನ ಹೆಸರು, ಪುಣೆ, ಗೇಟಿನ ನಂಬರು, ಎಲ್ಲ ಹೇಳಿದೆ. ಸುತ್ತಲಿನವರೆಲ್ಲ ಎದ್ದು ನಿಂತು ನೋಡಿದರು. ಅವನು ಸ್ಕ್ರೀನಿನ ಮೇಲೆ ಏನೋ ಗ್ರಾಫ್ ವಿವರಿಸುತ್ತಿದ್ದ.

ಹೆಡ್‌ಫೋನು ಹಾಕಿದವನಿಗೆ ಕೇಳಿಸಲಿಲ್ಲ. ಆದರೆ ಅವನ ಮೈಕಿಗೆ ಕೇಳಿಸಿತು. ಮೀಟಿಂಗಿನಲ್ಲಿದ್ದ ಪುಣೆಯವರು ಒಬ್ಬೊಬ್ಬರಾಗಿ ಸ್ಕ್ರೀನಿನ ಮೂಲೆಯಲ್ಲಿ ಬರೆಯತೊಡಗಿದರು: ನಿಮ್ಮ ವಿಮಾನ ಹೊರಡುತ್ತಿದೆಯಂತೆ, ಯಾರೋ ಹೆಂಗಸು ಕಿರುಚುತ್ತಿದ್ದಾರೆ, ಓಡಿ. ಅದನ್ನು ಓದಿದ್ದೇ ತಡ, ಲ್ಯಾಪ್‌ಟಾಪು ಎದೆಗವಚಿಕೊಂಡು ಓಡಿದ. ನಾನೂ ಹಿಂದೆ ಓಡಿದೆ.

ಗೇಟಿನಲ್ಲಿ ಹೆಡ್‌ಫೋನು ತೆಗೆದು ನನ್ನ ಕಡೆ ಬೇಸರದಿಂದ ನೋಡಿದ. "ಮೇಡಂ, ಇಷ್ಟು ಮುಖ್ಯವಾದ ವಿಷಯ. ನಿಮ್ಮ ಸ್ಟಾಫ್ ಒಬ್ಬರಾದರೂ ಬಂದು ಹೇಳಬಾರದಾ?"

ಮನೆಯಲ್ಲಿ

ಕೆಲಸದ ಅಭ್ಯಾಸ ಮನೆಗೂ ಬರುತ್ತದೆ. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಶಾಲೆಯ ವ್ಯಾನು ಬರುವ ಹೊತ್ತಾದರೂ ಏಳದಿದ್ದರೆ ಅಡುಗೆಮನೆಯಿಂದ, "ಲಾಸ್ಟ್ ಕಾಲ್, ಏಳೇ" ಅನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು, "ಫೈನಲ್ ಕಾಲ್" ಅನ್ನುತ್ತೇನೆ.

ಒಂದು ದಿನ ಹೊದಿಕೆಯೊಳಗಿಂದಲೇ ತಮಿಳಿನಲ್ಲಿ ಹೇಳಿದಳು: "ನೀನು ಎಷ್ಟು ಸಲ ಫೈನಲ್ ಅಂದರೂ ಬಿಟ್ಟು ಹೋಗಲ್ಲ ಅಂತ ಇಡೀ ಏರ್‌ಪೋರ್ಟಿಗೇ ಗೊತ್ತು. ನನಗೆ ಗೊತ್ತಿರಲ್ವಾ?"

ಹಿಂದಿನಿಂದ ಕೂಗಬಾರದು

ನಾಗಪುರಕ್ಕೆ ನಮ್ಮದು ದಿನಕ್ಕೆ ಒಂದೇ ವಿಮಾನ. ಆ ದಿನ ಪದ್ಮಾವತಿ ಅನ್ನುವ ಒಬ್ಬ ಹಿರಿಯ ಹೆಂಗಸು ಬಂದಿರಲಿಲ್ಲ. ಒಬ್ಬರೇ ಪ್ರಯಾಣ. ಅವರ ದೊಡ್ಡ ಪೆಟ್ಟಿಗೆ ಆಗಲೇ ವಿಮಾನದ ಹೊಟ್ಟೆಯಲ್ಲಿತ್ತು. ಅವರು ಹತ್ತದಿದ್ದರೆ ಅದನ್ನು ಹುಡುಕಿ ಇಳಿಸಬೇಕು, ಅದು ದೊಡ್ಡ ರಾಮಾಯಣ. ನನ್ನ ಸೂಪರ್‌ವೈಸರ್ ಗಡಿಯಾರ ನೋಡುತ್ತಾ, "ಐದು ನಿಮಿಷ. ಆಮೇಲೆ ಮುಚ್ಚೋದೇ" ಅಂದರು.

ಹೊರಟೆ. ಗೇಟುಗಳ ಸಾಲಿನ ಕೊನೆತನಕ ಹೋಗಿ ತಿರುಗಿದರೆ, ದೂರದಲ್ಲಿ ಒಂಬತ್ತು ಗಜದ ಸೀರೆ ಉಟ್ಟ ಒಬ್ಬಾಕೆ ಸರಿಯಾಗಿ ನಮ್ಮ ಗೇಟಿನ ಕಡೆಗೇ ಬೇಗ ಬೇಗ ಹೋಗುತ್ತಿದ್ದಾರೆ. ಸುಮ್ಮನಿದ್ದಿದ್ದರೆ ಹೋಗಿ ಹತ್ತುತ್ತಿದ್ದರು. ಸುಮ್ಮನಿರುವುದು ನನ್ನ ಕೆಲಸದಲ್ಲಿಲ್ಲವಲ್ಲ. "ಪದ್ಮಾವತಿ ಅಮ್ಮಾ" ಅಂತ ಹಿಂದಿನಿಂದ ಕೂಗಿದೆ.

ಗಕ್ಕನೆ ನಿಂತರು. ತಿರುಗಲಿಲ್ಲ. "ರಾಮಾ, ಯಾರದು ಹಿಂದಿನಿಂದ ಕೂಗಿದ್ದು" ಅಂತ ಕನ್ನಡದಲ್ಲಿ ಅಂದು ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟರು.

ಓಡಿ ಹೋಗಿ, "ಬನ್ನಿ ಅಮ್ಮಾ, ಹೊರಡೋ ಹೊತ್ತು" ಅಂದೆ.

"ಕನ್ನಡದ ಹುಡುಗಿಯಾಗಿ ಇಷ್ಟು ಗೊತ್ತಿಲ್ವಾ? ಹೊರಟವರನ್ನ ಹಿಂದಿನಿಂದ ಕರೀತಾರೇನಮ್ಮಾ? ಮಗಳಿಗೆ ದಿನ ತುಂಬಿದೆ, ಮೊದಲನೇ ಹೆರಿಗೆ. ಅಪಶಕುನ ಹೊತ್ಕೊಂಡು ಹೋಗಲಾ? ರಾಹುಕಾಲ ಮುಗೀಲಿ ಅಂತ ಕಾದು ಈಗಷ್ಟೇ ಎದ್ದಿದ್ದೆ."

"ಈಗ ಏನು ಮಾಡಬೇಕು?"

"ಕೂತು ನೀರು ಕುಡಿದು ಎದ್ದರೆ ಹೊಸದಾಗಿ ಹೊರಟ ಹಾಗೆ."

ಅವರ ಬಾಟಲಿ ಖಾಲಿ. ಓಡಿ ಹೋಗಿ ತುಂಬಿಸಿಕೊಂಡು ಬಂದೆ. ಎತ್ತಿ ನಾಲ್ಕು ಗುಟುಕು ಕುಡಿದರು, ಸೆರಗು ಸರಿ ಮಾಡಿಕೊಂಡರು, ಎದ್ದರು. ನಾನು ಬಾಯಿ ಬಿಗಿಹಿಡಿದು ಅವರ ಹಿಂದೆ ನಡೆದೆ. ಹತ್ತು ಹೆಜ್ಜೆ ಹೋಗಿರಬಹುದು, ನನ್ನ ಸೊಂಟದ ವಾಕಿಟಾಕಿಯಲ್ಲಿ ಸೂಪರ್‌ವೈಸರ್ ದನಿ ಗಟ್ಟಿಯಾಗಿ ಬಂತು: "ಪದ್ಮಾವತಿ ಅಮ್ಮ ಸಿಕ್ಕರಾ ಇಲ್ವಾ?"

ಅಮ್ಮ ಮತ್ತೆ ಕೂತರು.

"ಇದು ಮನುಷ್ಯರಲ್ಲ ಅಮ್ಮಾ, ಮೆಷಿನು" ಅಂದೆ.

"ಹೆಸರು ಕರೀತಲ್ಲ. ಮೆಷಿನ್ನಾದರೇನು?"

ಮತ್ತೆ ನೀರು. ಈ ಸಲ ನಾನು ತೀರ್ಮಾನ ಮಾಡಿಕೊಂಡೆ. ವಾಕಿಟಾಕಿ ಆಫ್ ಮಾಡಿದೆ. ಅವರ ಮುಂದೆ ಬಂದು, ಅವರ ಕಡೆ ಮುಖ ಮಾಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದುಹಿಂದಕ್ಕೆ ನಡೆಯುತ್ತಾ ಅವರನ್ನು ಕರೆದುಕೊಂಡು ಬಂದೆ. ಎದುರಾದವರಿಗೆಲ್ಲ ಕೈಯಲ್ಲೇ ಸುಮ್ಮನಿರಿ ಅಂದೆ. ನೆಲ ಒರೆಸುವವರು ಕೋಲು ಕೈಯಲ್ಲಿ ಹಿಡಿದು ನಿಂತರು. ಅಳುತ್ತಿದ್ದ ಒಂದು ಮಗು ಕೂಡ ನಮ್ಮನ್ನು ನೋಡಿ ಅಳು ನಿಲ್ಲಿಸಿತು. ಗೇಟಿನಲ್ಲಿ ಸೂಪರ್‌ವೈಸರ್ ಬಾಯಿ ತೆರೆದರು. ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಒಂದು ಕೆಲಸ ಮಾಡಬೇಕು ಅಂತ ಬಹಳ ಸಲ ಅನ್ನಿಸಿತ್ತು.

ವಿಮಾನದ ಬಾಗಿಲು ದಾಟುವ ಮೊದಲು ಅಮ್ಮ ನನ್ನ ಕೆನ್ನೆ ಮುಟ್ಟಿ, "ಮೊಮ್ಮಗು ಹುಟ್ಟಿದ ಕೂಡಲೇ ಹೇಳಿ ಕಳಿಸ್ತೀನಿ" ಅಂದರು. ಬಾಗಿಲು ಮುಚ್ಚಿತು. ನಾನು ವಾಪಸು ಬಂದು ಅಮ್ಮ ಕೂತಿದ್ದ ಕುರ್ಚಿಯಲ್ಲೇ ಕೂತು, ಅವರು ಅಲ್ಲಿ ಬಿಟ್ಟುಹೋಗಿದ್ದ ಬಾಟಲಿಯಲ್ಲಿ ಉಳಿದ ನೀರು ಕುಡಿದೆ.

ಮುಂದಿನದ್ದು ನಾನು ಕಣ್ಣಾರೆ ಕಂಡದ್ದಲ್ಲ. ಸಂಜೆ ಅದೇ ವಿಮಾನದಲ್ಲಿ ವಾಪಸು ಬಂದ ಗಗನಸಖಿ ನಗು ತಡೆಯಲಾರದೆ ಹೇಳಿದ್ದು. ಆ ಹುಡುಗಿಯೂ ಹೊಸೂರು ಕಡೆಯವಳು, ಕನ್ನಡ ಬರುತ್ತದೆ.

ಗೇಟಿನಿಂದ ಹೊರಡುವ ವಿಮಾನ ಮುಂದಕ್ಕೆ ಹೋಗುವುದಿಲ್ಲ. ಒಂದು ಗಾಡಿ ಅದನ್ನು ಮೊದಲು ಹಿಂದಕ್ಕೆ ತಳ್ಳುತ್ತದೆ. ಪದ್ಮಾವತಿ ಅಮ್ಮ ಕಿಟಕಿಯ ಹತ್ತಿರ ಕೂತು ಕೈ ಮುಗಿದುಕೊಂಡಿದ್ದರಂತೆ. ವಿಮಾನ ಅಲುಗಿತು. ಟರ್ಮಿನಲ್ಲಿನ ಕಟ್ಟಡ ದೂರ ದೂರ ಹೋಗತೊಡಗಿತು. ಅಮ್ಮ ಕಣ್ಣು ತೆರೆದು ಹೊರಗೆ ನೋಡಿದರು, ಮೇಲಿನ ಗುಂಡಿ ಒತ್ತಿ ಈ ಹುಡುಗಿಯನ್ನು ಕರೆದರು.

"ಇದೇನಮ್ಮಾ, ವಿಮಾನ ಹಿಂದಕ್ಕೆ ಹೋಗ್ತಿದೆ?"

"ಹೌದು ಅಮ್ಮಾ. ಮೊದಲು ಹಿಂದಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಆಮೇಲೆ ಮುಂದಕ್ಕೆ ಹೋಗುತ್ತೆ."

ಅಮ್ಮ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರಂತೆ.

"ಇದನ್ನೂ ಯಾರೋ ಹಿಂದಿನಿಂದ ಕೂಗಿರಬೇಕು. ಹೇಗೂ ನಿಲ್ಲುತ್ತಲ್ಲ, ಸ್ವಲ್ಪ ನೀರು ಕುಡಿಸಿಯೇ ಹೊರಡಿಸಿ."