ನಲವತ್ತು ನಿಮಿಷದ ಸರ್ಟಿಫಿಕೇಟು

ಎಂಜಿನ್ನು ಹಿಂದುಗಡೆ ಯಾಕಿದೆ ಎಂಬ ಒಂದೇ ಒಂದು ಪ್ರಶ್ನೆಯಿಂದ ಗುರುಸಿದ್ದನ ಅಂದಿನ ದಿನ ಹಾಳಾಯಿತು.

ಕೇಳಿದವರು ಪಕ್ಕದ ಮನೆಯ ಶಿವರಾಮು ಅಂಕಲ್. ಅರಸೀಕೆರೆ ಕಡೆಯವರು, ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದು ಸ್ಟೇಷನ್ ಮಾಸ್ಟರಾಗಿ ರಿಟೈರಾದವರು. ಅಮೆರಿಕದಲ್ಲಿ ಶಿಕಾಗೋ ಹತ್ತಿರದ ಅರೋರಾದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಬೇರೆ ಹಿರಿಯರೆಲ್ಲ ಬೆಳಿಗ್ಗೆ ಬಡಾವಣೆ ಸುತ್ತು ಹಾಕಿದರೆ ಇವರು ಗುರುಸಿದ್ದನ ಕಾರು ಹತ್ತಿ ಸ್ಟೇಷನ್ನಿಗೆ ಬಂದು, ಶಿಕಾಗೋಗೆ ಹೋಗುವ ಎರಡು ಗಾಡಿ ಕಳಿಸಿಕೊಟ್ಟು, ನಡೆದುಕೊಂಡು ಮನೆಗೆ ಹೋಗುತ್ತಿದ್ದರು. ಗಾಡಿ ತಾವು ಕಳಿಸದಿದ್ದರೂ ಹೋಗುತ್ತದೆ ಎಂಬುದನ್ನು ಅವರಿನ್ನೂ ಪೂರ್ತಿ ಒಪ್ಪಿರಲಿಲ್ಲ.

ಅವತ್ತು ಏಳು ಇಪ್ಪತ್ತರ ಎಕ್ಸ್‌ಪ್ರೆಸ್ಸಿನ ಮೆಟ್ಟಿಲ ಮೇಲೆ ಗುರುಸಿದ್ದ ಒಂದು ಕಾಲಿಟ್ಟಿದ್ದ. ಹಿಂದಿನಿಂದ ಅಂಕಲ್ ಅವನ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದರು.

"ಗುರುಸಿದ್ದಪ್ಪಾ, ಒಂದ್ನಿಮಿಷ. ದಿನಾ ಕೇಳ್ಬೇಕೂಂತಿದ್ದೆ, ಎಂಜಿನ್ ಹಿಂದ್ಗಡೆ ಇದೆಯಲ್ಲಪ್ಪಾ! ಇದಕ್ಕೆ ಪರ್ಮಿಷನ್ ಕೊಟ್ಟೋರು ಯಾರು?"

"ಹೋಗೂ ಮುಂದ ನೂಕತೈತ್ರಿ ಅಂಕಲ್, ಬರೂ ಮುಂದ ಎಳೀತೈತಿ. ನಾ ಬರ್ಲ್ಯಾ, ಗಾಡಿ ಬಿಡತೈತಿ."

"ಅಲ್ಲಪ್ಪಾ, ಹಾಗಾದ್ರೆ ಡ್ರೈವರು ಎಲ್ಲಿ ಕೂತಿರ್ತಾನೆ?"

ಗುರುಸಿದ್ದ ಗದಗಿನವನು. ಹಿರಿಯರು ಏನಾದರೂ ಕೇಳಿದಾಗ ಬೆನ್ನು ತೋರಿಸಿ ಹೋಗುವ ಪಾಠ ಅವನಿಗೆ ಯಾರೂ ಕಲಿಸಿರಲಿಲ್ಲ. ಕೆಳಗಿಳಿದು, ಮೊದಲನೇ ಬೋಗಿಯತ್ತ ಕೈ ಮಾಡಿ ತೋರಿಸಿದ. ಆ ಕೈ ಕೆಳಗಿಳಿಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಎಲ್ಲ ಬೋಗಿಗಳೂ ಹೋದ ಮೇಲೆ ಕೊನೆಗೆ ಎಂಜಿನ್ನು, ದಿಬ್ಬಣದವರನ್ನೆಲ್ಲ ಮುಂದೆ ಸಾಗಹಾಕಿ ಬರುವ ಸೋದರಮಾವನ ಹಾಗೆ, ಅವರಿಬ್ಬರ ಮುಂದೆ ಗತ್ತಿನಿಂದ ಹಾದುಹೋಯಿತು.

"ಹೌದು ಕಣಯ್ಯಾ, ತಳ್ತಾನೇ ಇದೆ!" ಅಂದರು ಅಂಕಲ್, ತುಂಬ ಸಂತೋಷಪಟ್ಟು.

ಬೇರೆ ದಿನವಾಗಿದ್ದರೆ ಗುರುಸಿದ್ದನೂ ನಗುತ್ತಿದ್ದ. ಅವನು ಕೆಲಸ ಮಾಡುತ್ತಿದ್ದದ್ದು ರೈಲಿನ ಬಾಗಿಲುಗಳಿಗೆ ಮೋಟರು ತಯಾರಿಸುವ ಒಂದು ಜಪಾನಿ ಕಂಪನಿಯಲ್ಲಿ. ಆಫೀಸು ಶಿಕಾಗೋ ಡೌನ್‌ಟೌನಿನಲ್ಲಿ. ಅವತ್ತು ಒಂಬತ್ತು ಗಂಟೆಗೆ ಅವನದೊಂದು ಭಾಷಣವಿತ್ತು. ವಿಷಯ: ಟೋಕಿಯೋದ ಯಮನೋತೆ ಲೈನು, ಅದರ ಚರಿತ್ರೆ, ಅದು ನಡೆಯುವ ರೀತಿ. ಕೇಳಲು ಬರುತ್ತಿದ್ದವರು ಕುರೋದಾ-ಸಾನ್; ಸಾನ್ ಅಂದರೆ ಜಪಾನಿಯರಲ್ಲಿ ನಮ್ಮ 'ಅವರು' ಇದ್ದ ಹಾಗೆ. ಅದೇ ಲೈನಿನಲ್ಲಿ ಇಪ್ಪತ್ತೆಂಟು ವರ್ಷ ಗಾಡಿ ಓಡಿಸಿ, ಈಗ ಕಂಪನಿಗೆ ಸಲಹೆಗಾರರಾಗಿದ್ದ ಹಿರಿಯರು. ಗುರುಸಿದ್ದ ಹದಿನೈದು ದಿನ ಓದಿ ಸ್ಲೈಡು ಮಾಡಿದ್ದ. ಊಟಕ್ಕೆ ಕೂತರೂ ಯಮನೋತೆ, ಎದ್ದರೂ ಯಮನೋತೆ. ಹೆಂಡತಿ ವಾಣಿಶ್ರೀಗಂತೂ ಅದರ ಮೂವತ್ತು ಸ್ಟೇಷನ್ನುಗಳ ಹೆಸರು ಬಾಯಿಪಾಠವಾಗಿತ್ತು. ಭಾಷಣದ ಸಾರ ಒಂದೇ: ಹೊತ್ತಿಗೆ ಸರಿಯಾಗಿ ಬರುವುದು.

ಮುಂದಿನ ಗಾಡಿ ಎಂಟಕ್ಕೆ. ಅದೂ ಪ್ರತಿ ಊರಿಗೂ ನಿಂತು ನಮಸ್ಕಾರ ಹೇಳಿ ಹೋಗುವಂಥದ್ದು.

ಆಫೀಸಿನಲ್ಲಿ ಮೈಸೂರಿನ ಹುಡುಗ ನಂದನ್ ಇದ್ದ. ಜಪಾನಿ ಭಾಷೆ ಕಲಿತವನು. ಗುರುಸಿದ್ದ ಅವನಿಗೆ ಫೋನ್ ಮಾಡಿದ. 'ಟ್ರೇನ್ ತಪ್ಪಿಸಿಕೊಂಡೆ' ಎಂದು ಹೇಳಲೆಂದೇ ಬಾಯಿ ತೆರೆದದ್ದು. ಬಾಯಿಂದ ಬಂದದ್ದು ಬೇರೆ.

"ನಂದನ್, ಟ್ರೇನ್ ಲೇಟ್ ಐತಪಾ."

"ಎಷ್ಟು ಲೇಟು ಸರ್?"

"ನಲವತ್ತು ನಿಮಿಷ."

ಸುಳ್ಳು ಹೇಳಿ ರೂಢಿಯಿಲ್ಲದವನು ಹೇಳಿದರೆ ಲೆಕ್ಕ ಮಾತ್ರ ಕರಾರುವಾಕ್ಕಾಗಿರುತ್ತದೆ. ಫೋನಿಟ್ಟ ಮೇಲೆ ಅವನ ಕಿವಿ ಬಿಸಿಯಾಯಿತು.

ಎಂಟರ ಗಾಡಿಗೆ ಅಂಕಲ್ ಕೂಡ ಹತ್ತಿದರು. "ನನ್ನಿಂದ ನಿನಗೆ ಲೇಟಾಯ್ತು. ಒಬ್ಬನ್ನೇ ಹೇಗೆ ಕಳಿಸ್ಲಿ? ಅದೂ ಅಲ್ದೆ ಶಿಕಾಗೋ ಸ್ಟೇಷನ್ ನೋಡ್ದಂಗಾಯ್ತು" ಎಂದು ಕಿಟಕಿ ಪಕ್ಕ ಕೂತರು. ಮಂಕಿ ಕ್ಯಾಪು, ಅಳಿಯನ ದೊಡ್ಡ ಜಾಕೆಟ್ಟು, ಬಿಳಿ ಸ್ಪೋರ್ಟ್ಸ್ ಶೂ. ಸಿಗ್ನಲ್ಲು ಬಂದಾಗಲೆಲ್ಲ ಅದರ ಬಣ್ಣವನ್ನು ಜೋರಾಗಿ ಹೇಳುತ್ತಿದ್ದರು. ಬೋಗಿಯಲ್ಲಿದ್ದ ಅಮೆರಿಕದವರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನೋಡಿದಾಗಲೆಲ್ಲ ಗುರುಸಿದ್ದ ತನಗೂ ಅಂಕಲ್‌ಗೂ ಸಂಬಂಧವಿಲ್ಲವೆಂಬಂತೆ ಆಕಳಿಸಿದ.

ಗಾಡಿ ಅರ್ಧ ದಾರಿಯಲ್ಲಿದ್ದಾಗ ನಂದನ್‌ನ ಮೆಸೇಜು ಬಂತು. "ಸರ್, ಕುರೋದಾ-ಸಾನ್ ಬಂದಾಯ್ತು. ಜಪಾನಿನಲ್ಲಿ ಟ್ರೇನ್ ಐದು ನಿಮಿಷ ಲೇಟಾದ್ರೂ ರೈಲ್ವೆಯವರು ಸರ್ಟಿಫಿಕೇಟ್ ಕೊಡ್ತಾರಲ್ಲ, ಇಲ್ಲೂ ಕೊಡ್ತಾರಾ ಅಂತ ಕೇಳ್ತಿದಾರೆ. ಸಿಕ್ಕಿದ್ರೆ ತನ್ನಿ. ನೋಡ್ಬೇಕಂತೆ."

ಗುರುಸಿದ್ದನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಅಂಕಲ್ ಕೇಳದೆ ಬಿಡಲಿಲ್ಲ. ಅವನು ಹೇಳದೆ ಇರಲಿಲ್ಲ.

"ಸರ್ಟಿಫಿಕೇಟಾ?" ಅಂಕಲ್ ಕ್ಯಾಪು ತೆಗೆದು ತೊಡೆಯ ಮೇಲಿಟ್ಟರು. "ಅಯ್ಯೋ ಹುಚ್ಚಪ್ಪಾ, ನಾನು ಮೂವತ್ತಾರು ವರ್ಷ ಬರೆದದ್ದು ಇನ್ನೇನನ್ನ?"

"ಬ್ಯಾಡ್ರಿ ಅಂಕಲ್. ಸುಳ್ಳು ಆಕ್ಕೈತಿ."

"ನೀನು ಆಗ್ಲೇ ಹೇಳಿದೀಯಲ್ಲ. ನಾನು ಬರೀ ರೆಕಾರ್ಡಿಗೆ ತಗೋತೀನಿ."

ಜೇಬಿನಿಂದ ಸಣ್ಣ ಪ್ಯಾಡು ಹೊರಬಂತು. ಮೇಲುಗಡೆ ಅರಸೀಕೆರೆಯ ಔಷಧಿ ಅಂಗಡಿಯ ಹೆಸರಿತ್ತು. ಅದನ್ನು ಮಡಿಸಿ ಹರಿದರು. ಶಾಯಿ ಪೆನ್ನಿನಲ್ಲಿ, ಓಲಾಡುವ ಗಾಡಿಯಲ್ಲೂ ಒಂದಕ್ಷರ ಓರೆಯಾಗದಂತೆ, ಅಪ್ಪಟ ಸರ್ಕಾರಿ ಇಂಗ್ಲಿಷಿನಲ್ಲಿ ಬರೆದರು: ಅಪ್ ಗಾಡಿ ಅರೋರಾ ನಿಲ್ದಾಣದಲ್ಲಿ ನಲವತ್ತು ನಿಮಿಷ ತಡೆಹಿಡಿಯಲ್ಪಟ್ಟದ್ದು ನಿಜ. ಕಾರಣ ಬರೆಯುವಾಗ ಸ್ವಲ್ಪ ಯೋಚಿಸಿದರು.

"ನಮ್ಮಲ್ಲಾದ್ರೆ ಹಳಿ ಮೇಲೆ ಎಮ್ಮೆ ಅಂತ ಬರೀತಿದ್ವಿ. ಇಲ್ಲಿ ಎಮ್ಮೆ ಕಾಣ್ಲಿಲ್ಲ."

"ಜಿಂಕಿ ಅದಾವ್ರಿ," ಅಂದುಬಿಟ್ಟ ಗುರುಸಿದ್ದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಜಿಂಕೆಯನ್ನೇ ಬರೆದರು. ಕೆಳಗೆ 'ಎಸ್. ಶಿವರಾಮು, ಸ್ಟೇಷನ್ ಮಾಸ್ಟರ್' ಎಂದು ಸಹಿ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ 'ನಿವೃತ್ತ' ಎಂದು ಸೇರಿಸಿದರು. "ಸುಳ್ಳು ಹೇಳ್ದಂಗೂ ಆಗಲ್ಲ, ಅವರಿಗೆ ಗೊತ್ತೂ ಆಗಲ್ಲ."

ಆಫೀಸು ಮುಟ್ಟಿದಾಗ ಒಂಬತ್ತು ಮೂವತ್ತೈದು. ಬಾಗಿಲಲ್ಲೇ ಬಾಸ್ ಮೊರಿತಾ-ಸಾನ್ ಎದುರಾದರು. ಅದೇ ರೈಲಿನ ದಾರಿಯಲ್ಲಿರುವ ನೇಪರ್‌ವಿಲ್ಲಿನಲ್ಲಿ ಮನೆ ಮಾಡಿಕೊಂಡಿದ್ದ ಐವತ್ತರ ಮನುಷ್ಯ. ಇಸ್ತ್ರಿ ಮುರಿಯದ ಅಂಗಿ ಅವರ ಗುರುತು. ಇವತ್ತು ಯಾಕೋ ಟೈ ಓರೆಯಾಗಿತ್ತು, ಹಣೆಯಲ್ಲಿ ಬೆವರಿತ್ತು. ಅತಿಥಿಯನ್ನು ಕಾಯಿಸಿದ ಸಂಕಟವಿರಬೇಕು, ಎಲ್ಲ ತನ್ನಿಂದಲೇ ಎಂದುಕೊಂಡು ಗುರುಸಿದ್ದ ಇನ್ನಷ್ಟು ಕುಗ್ಗಿದ. ಆದರೆ ಅವರು ಬೈಯಲಿಲ್ಲ. "ಸರ್ಟಿಫಿಕೇಟ್ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿ, ಕೊಟ್ಟ ಚೀಟಿಯನ್ನು ಓದುವ ಮೊದಲೇ "ವೆರಿ ಗುಡ್, ವೆರಿ ಗುಡ್" ಅಂದರು. ಜೊತೆಗೆ ಬಂದಿದ್ದ ಅಂಕಲ್ ಯಾರೆಂದು ತಿಳಿದ ಮೇಲಂತೂ ಅವರ ಕೈಹಿಡಿದೇ ಒಳಗೆ ಕರೆದುಕೊಂಡು ಹೋದರು.

ಕುರೋದಾ-ಸಾನ್ ಕಡ್ಡಿಯಂಥ ಮುದುಕರು. ಇಂಗ್ಲಿಷು ಬರುತ್ತಿರಲಿಲ್ಲ, ಮೊರಿತಾ-ಸಾನ್ ಅವರೇ ದುಭಾಷಿ. ಚೀಟಿಯನ್ನು ಎರಡೂ ಕೈಯಲ್ಲಿ, ತೀರ್ಥ ತೆಗೆದುಕೊಳ್ಳುವಂತೆ ತೆಗೆದುಕೊಂಡು ಅದಕ್ಕೆ ತಲೆಬಾಗಿದರು. ಜಿಂಕೆ ಎಂಬ ಮಾತು ಕೇಳಿ, ನಮ್ಮಲ್ಲೂ ಜಿಂಕೆ ಉಂಟು ಎಂಬಂತೆ ನಿಟ್ಟುಸಿರಿಟ್ಟರು. ಸ್ಟೇಷನ್ ಮಾಸ್ಟರೇ ಸ್ವತಃ ಕ್ಷಮೆ ಕೇಳಲು ಬಂದಿದ್ದಾರೆಂದು ಮೊರಿತಾ-ಸಾನ್ ಹೇಳಿದಾಗ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಅಂಕಲ್ ಕೂಡ ಮಂಕಿ ಕ್ಯಾಪು ಸರಿಮಾಡಿಕೊಂಡು ಸೆಲ್ಯೂಟ್ ಹೊಡೆದರು. ಕುರೋದಾ-ಸಾನ್ ಬಾಗಿಲತ್ತ ಬೆರಳು ಚಾಚಿ "ಯೋಶಿ!" ಎಂದು ಕೂಗಿದರು, ಯಮನೋತೆಯ ಡ್ರೈವರುಗಳು ಎಲ್ಲ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಹಾಗೆ. ಅಂಕಲ್ ಕರವಸ್ತ್ರವನ್ನು ಹಸಿರು ನಿಶಾನೆ ಮಾಡಿ ಬೀಸಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಎರಡು ನಿಮಿಷದಲ್ಲಿ ಕೂಡಿ ಆಡಿ ಬೆಳೆದವರಂತಾದರು.

ಗುರುಸಿದ್ದ ಭಾಷಣ ಶುರುಮಾಡಿದ. ಸಾವಿರದೆಂಟುನೂರ ಎಂಬತ್ತೈದರಲ್ಲಿ ಊರಾಚೆಯ ಬಯಲಿನಲ್ಲಿ ಹಾಕಿದ ಸಣ್ಣದೊಂದು ಲೈನು. ನಲವತ್ತು ವರ್ಷಕ್ಕೆ, ಒಂದು ದೊಡ್ಡ ಭೂಕಂಪವನ್ನೂ ದಾಟಿ, ಟೋಕಿಯೋದ ಸೊಂಟಕ್ಕೆ ಉಡಿದಾರದಂತೆ ಸುತ್ತು ಪೂರ್ತಿಯಾದದ್ದು. ಒಂದು ಗಂಟೆಗೊಂದು ಸುತ್ತು. ಮೂರ್ನಾಲ್ಕು ನಿಮಿಷಕ್ಕೊಂದು ಗಾಡಿ. ಬಾಗಿಲು ಮುಚ್ಚುವ ಮೊದಲು ಒಂದೊಂದು ಸ್ಟೇಷನ್ನಿಗೆ ಒಂದೊಂದು ರಾಗ. ಎಲ್ಲ ಸುಗಮವಾಗಿತ್ತು. ಆಮೇಲೆ 'ತಡವಾದರೆ' ಎಂಬ ಸ್ಲೈಡು ಬಂತು, ಅವನು ಅದನ್ನು ಬೇಗ ದಾಟಿಸಲು ರಿಮೋಟು ಎತ್ತಿದ.

ಕುರೋದಾ-ಸಾನ್ ಕೈಯೆತ್ತಿದರು. ತಾನೊಂದು ಮಾತು ಹೇಳಬಹುದೇ ಎಂದು ಕೇಳಿ, ನಿಧಾನಕ್ಕೆ ಮಾತಾಡಿದರು. ಮೊರಿತಾ-ಸಾನ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

"ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ನನಗೆ ಎಚ್ಚರವಾಗಲಿಲ್ಲ. ನನ್ನ ಗಾಡಿಯನ್ನು ಬೇರೊಬ್ಬ ಓಡಿಸಬೇಕಾಯಿತು. ಗಡಿಯಾರ ಕೆಟ್ಟಿತ್ತು ಎಂದು ಮೇಲಿನವರಿಗೆ ಹೇಳಿದೆ. ಅವರು ನಂಬಿದರು. ಮಾರನೆ ದಿನ ತಮ್ಮ ಮನೆಯಿಂದಲೇ ಒಂದು ಹೊಸ ಗಡಿಯಾರ ತಂದುಕೊಟ್ಟರು. ಅವರು ಸಾಯುವವರೆಗೂ ನಾನು ನಿಜ ಹೇಳಲಿಲ್ಲ. ಆ ಗಡಿಯಾರ ಇವತ್ತಿಗೂ ಸರಿಯಾದ ಹೊತ್ತು ತೋರಿಸುತ್ತದೆ. ನಾನು ಅದರ ಮುಖ ನೋಡುವುದಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಮೊರಿತಾ-ಸಾನ್ ದನಿ ಎರಡು ಕಡೆ ಕಟ್ಟಿತು.

ಎಪ್ಪತ್ತು ದಾಟಿದ ಹಿರಿಯರು, ಹೊರದೇಶದಲ್ಲಿ, ಗುರುತಿಲ್ಲದವರ ಮುಂದೆ ತಮ್ಮ ತಪ್ಪನ್ನು ಬಿಚ್ಚಿಟ್ಟಿದ್ದರು. ಅವರ ಮುಂದಿದ್ದ ಮೇಜಿನ ಮೇಲೆ ಜಿಂಕೆಯ ಚೀಟಿ ಬಿದ್ದಿತ್ತು. ಗುರುಸಿದ್ದ ರಿಮೋಟು ಕೆಳಗಿಟ್ಟ.

"ಕುರೋದಾ-ಸಾನ್," ಅಂದ ಇಂಗ್ಲಿಷಿನಲ್ಲಿ, "ಟ್ರೇನು ಲೇಟಾಗಿರಲಿಲ್ಲ. ನಾನು ಲೇಟು. ಟ್ರೇನು ಸೆಕೆಂಡು ತಪ್ಪದೆ ಹೊರಟಿತು. ಜಿಂಕೆ ಇರಲಿಲ್ಲ. ಈ ಚೀಟಿ ಸುಳ್ಳು. ನನಗೆ ನಾಚಿಕೆಯಾಗಿದೆ."

ಮೊರಿತಾ-ಸಾನ್ ಅವನನ್ನೇ ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಕುರೋದಾ-ಸಾನ್ ಕಡೆ ತಿರುಗಿ, ಗುರುಸಿದ್ದ ಹೇಳಿದ್ದಕ್ಕಿಂತ ಮೂರು ಪಟ್ಟು ಉದ್ದವಾಗಿ ಹೇಳಿದರು.

ಮುದುಕರ ಕಣ್ಣು ತುಂಬಿತು. ಎದ್ದು ಬಂದು ಗುರುಸಿದ್ದನ ಎರಡೂ ಕೈ ಹಿಡಿದುಕೊಂಡರು. ಕೋಟಿನ ಒಳಜೇಬಿನಿಂದ ಒಂದು ಜೊತೆ ಬಿಳಿ ಕೈಗವಸು ತೆಗೆದು, ಅವನ ಅಂಗೈಯಲ್ಲಿಟ್ಟು, ಸೊಂಟದವರೆಗೆ ಬಾಗಿದರು. ಡ್ರೈವರಾಗಿ ತಾವು ಕೊನೆಯ ಸುತ್ತು ಹೊಡೆದಾಗ ತೊಟ್ಟದ್ದಂತೆ.

ಗುರುಸಿದ್ದನ ಎದೆಯ ಮೇಲಿನ ಬಂಡೆ ಇಳಿಯಿತು. ನಿಜಕ್ಕೆ ಇಷ್ಟು ಬೆಲೆಯಿದೆ ಎಂದು ಗೊತ್ತಿದ್ದರೆ ಬೆಳಿಗ್ಗೆಯೇ ಹೇಳಿಬಿಡುತ್ತಿದ್ದೆನಲ್ಲ!

ಟೀ ಹೊತ್ತಿನಲ್ಲಿ ನಂದನ್ ಅವನನ್ನು ಮೂಲೆಗೆ ಎಳೆದುಕೊಂಡು ಹೋದ.

"ಸರ್, ಬಾಸ್ ಏನು ಟ್ರಾನ್ಸ್‌ಲೇಟ್ ಮಾಡಿದ್ರು ಗೊತ್ತಾ?"

"ನಾ ಹೇಳಿದ್ದನ್ನ."

"ಇಲ್ಲ ಸರ್. 'ಟ್ರೇನು ಲೇಟಾದದ್ದು ಜಿಂಕೆಯಿಂದ. ಆದರೆ ಈ ಮನುಷ್ಯನಿಗೆ ರೈಲ್ವೆ ಮೇಲೆ ಎಷ್ಟು ಗೌರವ ಅಂದ್ರೆ, ರೈಲ್ವೆಗೆ ಕೆಟ್ಟ ಹೆಸರು ಬರಬಾರದು ಅಂತ ತಪ್ಪನ್ನು ತನ್ನ ಮೇಲೆ ಹಾಕ್ಕೊಳ್ತಿದಾನೆ' ಅಂದ್ರು."

ಗುರುಸಿದ್ದ ಟೀ ಕಪ್ಪು ಕೆಳಗಿಟ್ಟ. "ಯಾಕಪಾ? ಯಾಕ ಹಂಗಂದ್ರು?"

ನಂದನ್ ಆಚೀಚೆ ನೋಡಿದ. "ಅವರು ಬಂದಿದ್ದೇ ಒಂಬತ್ತೂ ಇಪ್ಪತ್ತೈದಕ್ಕೆ ಸರ್. ಎಂಟೂ ಇಪ್ಪತ್ತಕ್ಕೆ ಫೋನ್ ಮಾಡಿದ್ರು, ನಿದ್ದೆಗಣ್ಣಿನ ದನಿ. ನಿಮ್ಮ ಟ್ರೇನು ನಲವತ್ತು ನಿಮಿಷ ಲೇಟಂತೆ ಅಂದೆ. ಅದಕ್ಕೆ, 'ಹೌದು ಹೌದು, ನಾನೂ ಅದೇ ಟ್ರೇನಲ್ಲಿದೀನಿ' ಅಂದ್ರು. ಕುರೋದಾ-ಸಾನ್‌ಗೂ ಹಾಗೇ ಹೇಳಿದಾರೆ. ಬಂದದ್ದು ಟ್ಯಾಕ್ಸೀಲಿ."

ಗುರುಸಿದ್ದ ಕೈಗವಸು ಹಿಡಿದುಕೊಂಡು ಕುರೋದಾ-ಸಾನ್ ಹತ್ತಿರ ಓಡಿದ. ಅವನಿಗೆ ಬರುತ್ತಿದ್ದ ಜಪಾನಿ ಮಾತು ಒಂದೇ. "ಸುಮಿಮಾಸೆನ್," ಅಂದ, ಕೈಗವಸು ಹಿಂದಕ್ಕೆ ಚಾಚುತ್ತ. ಕ್ಷಮಿಸಿ. ಮುದುಕರು ಬೇಡವೆಂದು ತಲೆಯಾಡಿಸಿ ಮತ್ತೂ ಬಾಗಿದರು. ಇವನು "ಸುಮಿಮಾಸೆನ್, ಸುಮಿಮಾಸೆನ್" ಎಂದಷ್ಟೂ ಅವರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಅಂಕಲ್, "ನೋಡಪ್ಪಾ, ಪಾಪ ಎಷ್ಟು ಗೌರವ ಕೊಡ್ತಾರೆ. ತಗೋ, ಬೇಡ ಅನ್ಬೇಡ" ಎಂದು ಕೈಗವಸನ್ನು ಅವನ ಜೇಬಿಗೇ ತುರುಕಿದರು.

ಕುರೋದಾ-ಸಾನ್ ಮೊರಿತಾ-ಸಾನ್ ಅವರನ್ನು ಕರೆದು ಏನೋ ಗಟ್ಟಿಯಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುಸಿದ್ದನಿಗೆ ಅರ್ಥವಾಗಲಿಲ್ಲ; ಭಯ ಮಾತ್ರ ಆಯಿತು.

ಮೊರಿತಾ-ಸಾನ್ ಹತ್ತಿರ ಬಂದರು. ಅವನ ಮುಖ ನೋಡಲಿಲ್ಲ, ಇವನೂ ಅವರ ಮುಖ ನೋಡಲಿಲ್ಲ. ಇಬ್ಬರೂ ಕಾರ್ಪೆಟ್ಟಿನ ಒಂದೇ ಕಲೆಯನ್ನು ನೋಡುತ್ತ ನಿಂತರು.

"ನಾಳೆ ಮಿಷಿಗನ್ನಿನ ಪ್ಲಿಮತ್ ಆಫೀಸಿನಲ್ಲಿ ನಿಮ್ಮದೇ ಭಾಷಣ," ಅಂದರು ಮೆಲ್ಲಗೆ. "ಹೊತ್ತಿಗೆ ಸರಿಯಾಗಿ ಬರುವುದರ ಬಗ್ಗೆ ನಿಮ್ಮಷ್ಟು ಯೋಗ್ಯರು ಅಮೆರಿಕದಲ್ಲಿಲ್ಲ ಅಂತ ಕುರೋದಾ-ಸಾನ್ ಹೇಳುತ್ತಿದ್ದಾರೆ. ಪ್ರತಿ ತಿಂಗಳೂ ಮಾಡಬೇಕಂತೆ."

"ಎಷ್ಟು ಗಂಟೆಗೆ?"

"ಹತ್ತಕ್ಕೆ. ಅಲ್ಲಿಯ ಗಡಿಯಾರ ಒಂದು ಗಂಟೆ ಮುಂದೆ. ದಾರಿ ಐದು ಗಂಟೆ, ಬೆಳಗಿನ ಜಾವ ನಾಲ್ಕಕ್ಕೇ ಹೊರಡಬೇಕು." ಮೊರಿತಾ-ಸಾನ್ ಟೈ ಸರಿಮಾಡಿಕೊಂಡರು. "ನಾನೇ ಡ್ರೈವ್ ಮಾಡಿಕೊಂಡು ನಿಮ್ಮ ಮನೆಗೆ ಬರುತ್ತೇನೆ, ಗುರುಸಿದ್ದ-ಸಾನ್. ಒಂದೇ ಕಾರಿನಲ್ಲಿ ಹೋದರೆ, ತಡವಾದರೂ ಇಬ್ಬರದೂ ಒಂದೇ ಕಾರಣವಾಗಿರುತ್ತದೆ."