ಶಿಕಾರಿಪುರದಲ್ಲಿ ಕೂತು ಬರೆದ ಟ್ರಾಮ್ ಚರಿತ್ರೆ

ಚರಿತ್ರೆ ಬರೆಯಲು ಗಂಭೀರವಾಗಿ ಕೂತಾಗಲೇ ನಗು ಬರಿಸುವಂಥದ್ದು ಏನಾದರೊಂದು ನಡೆಯುತ್ತದೆ. ಹೈಸ್ಕೂಲು ಮೇಷ್ಟರಾಗಿ ನಿವೃತ್ತನಾದ ಮೇಲೆ ನಾನು ಹಿಡಿದ ಕೆಲಸ, ಮುಂಬಯಿಯಲ್ಲಿ ಕುದುರೆ ಬಿಟ್ಟು ಕರೆಂಟು ಹಿಡಿದ ಮೊದಲ ಟ್ರಾಮ್ ಗಾಡಿಗಳ ಕಥೆ. ಅದಕ್ಕೆ ಕಾರಣ ನಮ್ಮ ಬೀದಿಯ ಕಲಾಯಿ ಅಂಗಡಿಯ ಸಾಹೇಬರು. ಹರೆಯದಲ್ಲಿ ಅವರು ಅಲ್ಲಿ ಅಂಥದೊಂದು ಮುದಿ ಗಾಡಿಗೆ ಕಂಡಕ್ಟರಾಗಿದ್ದರು. ಈಗ ಮರೆವು ಶುರುವಾಗಿದೆ.

"ಲಗೂನ ಬರ್ಕೊಳ್ರೀ ಮೇಷ್ಟ್ರೇ, ನೆನಪು ಸ್ಟಾಪಿಗೊಂದು ಇಳ್ಕೊಂತ ಹೊಂಟೈತಿ" ಅಂದರು.

೧. ಹೊಸಬಾಳೆಯ ಜಗಲಿ

ಬರೆದಷ್ಟನ್ನು ಸೊರಬದ ಹೊಸಬಾಳೆಯಲ್ಲಿ, ನಂಟರ ಜಗಲಿಯಲ್ಲಿ ಓದಿದೆ. ರಸ್ತೆಯಲ್ಲಿ ಹಳಿ, ಮೇಲೆ ತಂತಿ, ತಂತಿಯಿಂದ ಕರೆಂಟು. ಮನೆ ಯಜಮಾನರು ಕಣ್ಣು ಮುಚ್ಚಿ ಕೇಳಿದರು.

"ಕರೆಂಟ್ ಹೋದ್ರೆ?"

"ನಿಂತಲ್ಲೇ ನಿಲ್ತದೆ."

"ಹಾಗಾದ್ರೆ ನಮಗೆ ಬೇಡ ಮಾರಾಯ್ರೆ. ಪಂಪ್‌ಸೆಟ್ಟಿಗೇ ತ್ರೀಫೇಸ್ ಸಾಲ್ತಿಲ್ಲ. ಸೊರಬದ ಸಂತೆಗೆ ಹೊರಟೋರು ಗದ್ದೆ ನಡುವೆ ಕೂತು ಮುಂದಿನ ಸಂತೆವರೆಗೂ ಕಾಯ್ಬೇಕಾಗ್ತದೆ!"

೨. ಹಿತ್ತಾಳೆ ಹಿಡಿಕೆ

ಟ್ರಾಮಿಗೆ ಹಿಂದು ಮುಂದು ಇಲ್ಲ. ಕೊನೆ ಸ್ಟಾಪಿನಲ್ಲಿ ಡ್ರೈವರ್ ಗಾಡಿ ನಡೆಸುವ ಹಿತ್ತಾಳೆ ಹಿಡಿಕೆಯನ್ನು ಕಿತ್ತುಕೊಂಡು, ಇನ್ನೊಂದು ತುದಿಗೆ ಹೋಗಿ ಅಲ್ಲಿ ಸಿಕ್ಕಿಸಿ ಓಡಿಸಬೇಕು. ಮೊದಲ ದಿನ ಸಾಹೇಬರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಳಗ್ಗೆ ಮೇಲಿನವರ ಹತ್ತಿರ ಬೈಸಿಕೊಂಡಿದ್ದ ಡ್ರೈವರ್, ಹಿಡಿಕೆ ಕಿತ್ತು ದಡದಡ ಇಳಿದು ನಡೆದ. ಕೆಲಸ ಬಿಟ್ಟೇಬಿಟ್ಟನೆಂದು ಇವರು ಹಿಂದೆ ಓಡಿ ಕೈ ಹಿಡಿದುಕೊಂಡರು.

"ಅಣ್ಣಾ, ಹೋಗೋದಾದ್ರೆ ಹೋಗು, ಹಿಡಿಕೆ ಕೊಟ್ಟು ಹೋಗು!"

ಡ್ರೈವರ್ ಇವರನ್ನೇ ದಿಟ್ಟಿಸಿದ. "ಕೊಡ್ತೀನಿ. ಓಡಿಸೋರು ನಿಮ್ಮಪ್ಪನಾ?"

೩. ಕೊನೆಯ ದಿನ

ಇದನ್ನು ಹೇಳುವಾಗ ಸಾಹೇಬರು ಕೈಲಿದ್ದ ಪಾತ್ರೆ ಕೆಳಗಿಟ್ಟರು. ಟ್ರಾಮ್ ನಿಲ್ಲಿಸುವ ದಿನ ಜನವೆಲ್ಲ ಬೀದಿಗೆ ಬಂದಿತ್ತಂತೆ. ಗಾಡಿಗೆ ಹೂವಿನ ಹಾರ. ಒಳಗೆ ಕಾಲಿಡಲು ಜಾಗವಿಲ್ಲ. ನಾಳೆಯಿಂದ ಕೆಲಸ ಉಂಟೋ ಇಲ್ಲವೋ ಇವರಿಗೆ ಗೊತ್ತಿಲ್ಲ. ಆ ನೂಕುನುಗ್ಗಲಲ್ಲಿ ಒಬ್ಬ ಮುದುಕಿ ಇವರ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿವರೆಗೆ ತಡೆದುಕೊಂಡಿದ್ದ ಇವರಿಗೂ ಅಳು ಉಕ್ಕಿ ಬಂತು.

"ಎಷ್ಟು ವರ್ಷದಿಂದ ಇದ್ರಾಗೆ ಓಡಾಡ್ತೀಯವ್ವಾ?"

"ಎಲ್ಲಿ ಓಡಾಡ್ಲಪ್ಪಾ! ಬಸ್ಸಿಗೆ ನಿಂತಿದ್ದೆ. ಈ ಜನ ತಳ್ಳಿ ಒಳಗೆ ಹಾಕಿದ್ರು. ಮೂರು ಸ್ಟಾಪಿಂದ ಕೂಗ್ತಾ ಇದೀನಿ, ಒಬ್ರೂ ಇಳಿಸ್ತಿಲ್ಲ!"

ಸಾಹೇಬರು ಗಂಟೆ ಹೊಡೆದು ಗಾಡಿ ನಿಲ್ಲಿಸಿ, ಕೈ ಹಿಡಿದು ಇಳಿಸಿದರು. ಮುದುಕಿ ತಿರುಗಿಯೂ ನೋಡದೆ ಬಸ್ಸಿನ ಕಡೆ ಓಡಿದಳು.

"ಇದನ್ನೂ ಬರ್ಕೊಳ್ರೀ" ಎಂದರು, ಕಣ್ಣೊರೆಸಿಕೊಂಡು ನಗುತ್ತ. "ನನ್ನ ನೌಕರೀಲಿ ಟಿಕೆಟ್ ಇಲ್ದೆ ಬಿಟ್ಟಿದ್ದು ಆಯಮ್ಮ ಒಬ್ಬಳನ್ನೇ."