ಶಿವರಾಜು ಮೇಷ್ಟ್ರ ಮನೆ, ಹೊಂಬಾಳಮ್ಮನ ಅಟ್ಟ

ಶ್ರಾವಣದ ಮೊದಲನೇ ಶುಕ್ರವಾರ ಸ್ವಂತ ಮನೆಯಲ್ಲಿ ಹಾಲುಕ್ಕಿಸದಿದ್ದರೆ ನಾನು ಡ್ರಿಲ್ ಮೇಷ್ಟ್ರೇ ಅಲ್ಲ ಎಂದು ಶಿವರಾಜು ತಿಪಟೂರಿನ ಅರ್ಧ ಊರಿಗೆ ಸಾರಿಬಿಟ್ಟಿದ್ದ. ಉಳಿದರ್ಧ ಊರಿಗೆ ಹೈಸ್ಕೂಲಿನ ಮಕ್ಕಳು ಸಾರಿದ್ದರು. ಕೆಲಸಕ್ಕೆ ಸೇರಿದ ದಿನದಿಂದ ಕೊರಳಲ್ಲಿ ಸೀಟಿ ಕಟ್ಟಿಕೊಂಡವನು ಅವನು. ಸೀಟಿ ಊದಿದರೆ ಲೋಕವೇ ಸಾಲಾಗಿ ನಿಲ್ಲುತ್ತದೆಂಬುದು ಅವನ ನಂಬಿಕೆ. ಬ್ಯಾಂಕಿನವರಿಗೆ ಮಾತ್ರ ಈ ವಿಷಯ ತಿಳಿದಿರಲಿಲ್ಲ.

ಅವನು ಕೊಳ್ಳಲು ಹೊರಟಿದ್ದು ಬಿಳಿಗೆರೆ ರಸ್ತೆಯಲ್ಲಿದ್ದ ಹೊಂಬಾಳಮ್ಮನ ಹೆಂಚಿನ ಮನೆ. ತೋಟದಲ್ಲಿ ಹೊಸ ತಾರಸಿ ಮನೆ ಕಟ್ಟಿಸಿಕೊಂಡ ಆಕೆ ಹಳೆಯದನ್ನು ಮಾರಲು ನಿಂತಿದ್ದಳು. ಹಿತ್ತಲಲ್ಲಿ ಹಲಸಿನ ಮರ, ಅದರ ನೆರಳಲ್ಲಿ ಒಂದು ಒಗೆಯುವ ಕಲ್ಲು. ಮನೆ ನೋಡಲು ಹೋದ ದಿನ ಶಿವರಾಜುವಿನ ಹೆಂಡತಿ ಗಾನವಿ ಕೋಣೆಯನ್ನೂ ನೋಡಲಿಲ್ಲ, ಅಡುಗೆಮನೆಯನ್ನೂ ನೋಡಲಿಲ್ಲ. ಹೋಗಿ ಆ ಕಲ್ಲಿನ ಮೇಲೆ ಕೂತುಬಿಟ್ಟಳು. ಅವರಿದ್ದ ಬಾಡಿಗೆ ವಠಾರದಲ್ಲಿ ಐದು ಮನೆಗೆ ಒಂದೇ ಕಲ್ಲು. ಮದುವೆಯಾದಾಗಿನಿಂದ ಅವಳು ಬಟ್ಟೆ ಒಗೆದದ್ದಕ್ಕಿಂತ ಬಕೆಟ್ ಹಿಡಿದು ಸರದಿ ಕಾದದ್ದೇ ಹೆಚ್ಚು. ಆ ಕಲ್ಲು ಇವಳದಾಗಬೇಕು, ಶಿವರಾಜುವಿಗೆ ಬೇಕಾಗಿದ್ದು ಅಷ್ಟೇ. ಮನುಷ್ಯ ಒಳ್ಳೆಯವನು, ಅವಸರ ಮಾತ್ರ ಸ್ವಲ್ಪ ಜಾಸ್ತಿ.

ಸಾಲಕ್ಕೆ ಅರ್ಜಿ ಹಾಕಿದ. ಮ್ಯಾನೇಜರು ರಜೆ. ಅವರು ಬಂದರೆ ವಕೀಲರ ಅಭಿಪ್ರಾಯ ಬಂದಿಲ್ಲ. ಅದು ಬಂದರೆ ಇ-ಖಾತೆಯ ಸರ್ವರ್ ಡೌನು. ಮುಂದಿನ ವಾರ ಬನ್ನಿ ಸಾರ್ ಎಂದು ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು. ಆ ವಾರ ಯಾವ ಪಂಚಾಂಗದಲ್ಲೂ ಇರಲಿಲ್ಲ. ಶ್ರಾವಣದ ಮೊದಲ ಶುಕ್ರವಾರವೂ ಬಂತು. ಹಾಲೂ ಉಕ್ಕಿತು, ವಠಾರದ ಗ್ಯಾಸ್ ಒಲೆಯ ಮೇಲೆ, ಗಾನವಿ ಕಲ್ಲಿನ ಸರದಿಗೆ ಹೋಗಿದ್ದಾಗ!

ಮುಂಗಡ ಪಡೆದ ಹೊಂಬಾಳಮ್ಮ ಶ್ರಾವಣ ಮುಗಿಯುವ ತನಕ ಕಾಯುತ್ತೇನೆ ಎಂದು ಮಾತು ಕೊಟ್ಟಿದ್ದಳು. ಶ್ರಾವಣ ಕಳೆದರೂ ಆಕೆ ತುಟಿ ಬಿಚ್ಚಲಿಲ್ಲ. ಇದು ತನ್ನ ವ್ಯಕ್ತಿತ್ವದ ಪ್ರಭಾವ ಎಂದು ಶಿವರಾಜು ತಿಳಿದ.

ಭಾದ್ರಪದದಲ್ಲಿ ಬ್ಯಾಂಕಿನ ಪರವಾಗಿ ಬೆಲೆ ಕಟ್ಟಲು ಒಬ್ಬ ಇಂಜಿನಿಯರ್ ಬಂದ. ದೂರದ ಊರಿನವನು. ಏಣಿ ಹತ್ತಿ ಅಟ್ಟದೊಳಗೆ ತಲೆ ತೂರಿಸಿದವನು ತೆಂಗಿನಕಾಯಿಯ ರಾಶಿ ನೋಡಿ ಹಾಗೇ ಇಳಿದ. ಇದು ವಾಸದ ಮನೆಯಲ್ಲ, ಗೋಡೌನು. ಖಾಲಿ ಮಾಡಿ ಫೋಟೊ ಕಳಿಸಿ ಎಂದು ಹೇಳಿ ಹೊರಟುಹೋದ.

ಕಾಯಿ ಕೊಬ್ಬರಿಯಾಗಬೇಕಾದರೆ ಅಟ್ಟದ ಮೇಲೆ ವರ್ಷದ ಹತ್ತಿರ ಸುಮ್ಮನೆ ಕೂರಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಈ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು. ಶಿವರಾಜುವಿಗೂ ಗೊತ್ತಿತ್ತು, ಅವನ ಅವಸರಕ್ಕೆ ಗೊತ್ತಿರಲಿಲ್ಲ. ಹೊಂಬಾಳಮ್ಮ ಮಗಳ ಬಾಣಂತನಕ್ಕೆಂದು ಮಾಯಸಂದ್ರಕ್ಕೆ ಹೋಗಿದ್ದಳು; ಬ್ಯಾಂಕಿನವರಿಗೆ ಮನೆ ತೋರಿಸಲೆಂದು ಬೀಗದ ಕೈ ಇವನ ಬಳಿಯೇ ಬಿಟ್ಟಿದ್ದಳು. ಫೋನ್ ಮಾಡಿ ಒಂದು ಮಾತು ಕೇಳಿ ಎಂದಳು ಗಾನವಿ.

“ಮೆತ್ತಗೆ ಇಳ್ಸಿ ಮೆತ್ತಗೆ ಇಡ್ತೀನಿ ಕಣೇ. ಕಾಯಿಗೇ ಗೊತ್ತಾಗಲ್ಲ,” ಎಂದ ಶಿವರಾಜು.

ಭಾನುವಾರ ಅವನ ಹಳೇ ಕಬಡ್ಡಿ ತಂಡ ಬಂತು. ಸೀಟಿ ಮೊಳಗಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅಟ್ಟ ಖಾಲಿ, ಫೋಟೊ ಬ್ಯಾಂಕಿಗೆ ರವಾನೆ! ಕಾಯಿಯೆಲ್ಲ ಟೆಂಪೋದಲ್ಲಿ ವಠಾರಕ್ಕೆ ಬಂದವು. ನಡುಮನೆ ಹೋಗಿ ತೆಂಗಿನಕಾಯಿ ಮಂಡಿಯಾಯಿತು. ಮಂಚ ಮುಳುಗಿತು. ಟಿವಿ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಗಂಡ ಹೆಂಡತಿ ಜಗಳವಾಡಬೇಕೆಂದರೂ ರಾಶಿಯ ಮೇಲಿಂದ ಇಣುಕಬೇಕಾಗಿತ್ತು.

ಬುಧವಾರ ಬ್ಯಾಂಕಿನಿಂದ ಇನ್ನೊಬ್ಬ ಬಂದ, ಸಾಲ ಕೇಳಿದವನು ಹೇಳಿದ ವಿಳಾಸದಲ್ಲೇ ಇದ್ದಾನೆಯೇ ಎಂದು ನೋಡಿಹೋಗುವವನು. ಬಾಗಿಲು ತೆಗೆದದ್ದೇ ತಡ, ಎರಡು ಕಾಯಿ ಉರುಳಿ ಅವನ ಬೂಟಿನ ಮೇಲೆ ಬಿದ್ದವು. ಸಂಬಳದವರು ಎಂದು ಬರೆದು ಇಷ್ಟು ದೊಡ್ಡ ವ್ಯಾಪಾರ ಯಾಕೆ ಮುಚ್ಚಿಟ್ಟಿರಿ ಎಂದು ಅವನು ವಿಚಾರಿಸಿದ. ತಾನು ಡ್ರಿಲ್ ಮೇಷ್ಟ್ರೆಂದು ಸಾಬೀತು ಮಾಡಲು ಶಿವರಾಜು ಅಲ್ಲೇ ಸೀಟಿ ಊದಿ ತೋರಿಸಿದ. ವಠಾರದ ನಾಯಿ ಬೊಗಳಿತು. ಫೈಲು ಮತ್ತೆ ನಿಂತಿತು.

ಇಷ್ಟಾದರೂ ಅವನ ಎದೆ ಕುಗ್ಗಿರಲಿಲ್ಲ. ಎದೆ ಕುಗ್ಗಿದ್ದು ಹೊಂಬಾಳಮ್ಮ ಮಾಯಸಂದ್ರದಿಂದ ವಾಪಸಾದ ದಿನ. ಗಂಡ ಹೆಂಡತಿ ಹೋದಾಗ ಆಕೆ ಹಳೇ ಮನೆಯ ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದಳು. ಕೊಬ್ಬರಿ ಮಂಡಿಯ ಶಂಭುಲಿಂಗಯ್ಯ ಬಂದು ಖಾಲಿ ಅಟ್ಟ ನೋಡಿಹೋಗಿದ್ದನಂತೆ. ಮನೆ ಕೆಡವಿ ಅಂಗಡಿ ಸಾಲು ಎಬ್ಬಿಸುವುದು ಅವನ ಯೋಜನೆ. ಪೂರ್ತಿ ನಗದು ಹಿಡಿದು ನಾಳಿದ್ದು ಬೆಳಿಗ್ಗೆ ಬರುತ್ತೇನೆಂದು ಹೇಳಿದ್ದ.

“ಯುಗಾದಿಯಿಂದ ಕೇಳ್ತಾವ್ನೆ ಕಣಪ್ಪ,” ಎಂದಳು ಹೊಂಬಾಳಮ್ಮ. “ವರ್ಷ ವರ್ಷ ನಮ್ ಕೊಬ್ಬರಿ ತಗಳೋನು, ಮುಖ ಮುರ್ದು ಆಗಲ್ಲ ಅನ್ನಂಗಿಲ್ಲ. ಅಟ್ಟದ ಕಾಯಿ ಇಳಿಯೋಗಂಟ ಮನೆ ಮಾತೇ ಬ್ಯಾಡ ಅಂತ ನೆಪ ಹೇಳ್ಕಂಡು ನಿಮಗೋಸ್ಕರ ಹಿಡ್ಕಂಡಿದ್ದೆ. ನೀನು ಆ ನೆಪನೇ ಟೆಂಪೋಗೆ ಹಾಕ್ಕಂಡು ಹೋಗ್ಬುಟ್ಯಲ್ಲ.”

ಶಿವರಾಜುವಿಗೆ ನಾಚಿಕೆಯಾಯಿತು, ಭಯವಾಯಿತು, ಅಳುವೂ ಬಂತು. ಗಾನವಿ ಹಿತ್ತಲಿಗೆ ಹೋಗಿ ಕಲ್ಲನ್ನೊಮ್ಮೆ ನೋಡಿ ಬಂದಳು.

“ರೀ, ಆ ಟೆಂಪೋದೋನ ನಂಬರ್ ಇದ್ಯಾ?”

ಮಾರನೆಯ ದಿನವೆಲ್ಲ ಕಾಯಿ ಮೇಲೇರಿದವು. ಇಳಿಸುವಾಗ ಇಲ್ಲದ ಭಾರ ಹತ್ತಿಸುವಾಗ ಎಲ್ಲಿಂದ ಬಂತೋ! ಕಬಡ್ಡಿ ತಂಡದ ಅರ್ಧ ಜನ ಸೊಂಟ ನೋವೆಂದು ಬರಲೇ ಇಲ್ಲ. ಏಣಿಯ ಬುಡದಲ್ಲಿ ಗಾನವಿ ಸೀಟಿ ಹಿಡಿದು ನಿಂತಿದ್ದಳು. ಗಂಡ ದಣಿದು ಕೂತಾಗಲೆಲ್ಲ ಊದುತ್ತಿದ್ದಳು. ಆ ಸೀಟಿಗೆ ಅಷ್ಟೊಂದು ಕರ್ಕಶ ದನಿ ಇದೆಯೆಂದು ಅವನಿಗೆ ಅಂದೇ ತಿಳಿದದ್ದು.

ಶಂಭುಲಿಂಗಯ್ಯ ಹೇಳಿದಂತೆ ಬೆಳಿಗ್ಗೆಯೇ ಬಂದ. ತುಂಬಿದ ಅಟ್ಟ ನೋಡಿ ಕಣ್ಣುಜ್ಜಿಕೊಂಡ. ನಂಬಿಕೆ ಬಾರದೆ ಏಣಿ ಹತ್ತಿ, ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ನೀರು ಬುಳಬುಳ ಎಂದಿತು. ಶಿವರಾಜು ಕೆಳಗೆ ಏಣಿ ಹಿಡಿದು ನಿಂತಿದ್ದ. ಶಂಭುಲಿಂಗಯ್ಯನಿಗೆ ಮನೆಯ ಆಸೆ ಇದ್ದದ್ದು ಯುಗಾದಿಯಿಂದ. ಕೊಬ್ಬರಿಯ ಕಸುಬು ತಾತನ ಕಾಲದ್ದು. ಅದೂ ಅಲ್ಲದೆ, ಈ ಕಾಯಿ ಕೊನೆಗೆ ಬರುವುದು ಅವನ ಮಂಡಿಗೇ.

“ಇನ್ನೂ ನೀರೈತಲ್ಲಮ್ಮ,” ಎಂದ ಅವನು ಇಳಿಯುತ್ತಾ. “ದೀಪಾವಳಿಗಂಟ ಯಾರ್ಗೂ ಮುಟ್ಟಕ್ ಬುಡಬ್ಯಾಡ.”

ಕೈಯಲ್ಲಿ ನಗದು ಇದ್ದವನಿಗೆ ಕಾಯುವ ತಾಳ್ಮೆ ಎಲ್ಲಿಯದು? ಅದೇ ವಾರ ಬೇರೆ ಜಾಗ ಕೊಂಡ. ಬ್ಯಾಂಕಿನವನು ವಠಾರಕ್ಕೆ ಎರಡನೇ ಸಲ ಬಂದಾಗ ಮಂಚ ಕಂಡಿತು, ಟಿವಿ ಕಂಡಿತು, ಹೆಡ್ ಮೇಷ್ಟ್ರ ಪತ್ರವೂ ಕಂಡಿತು. ಶಿವರಾಜು ಕೇಳಿದ್ದಕ್ಕಷ್ಟೇ ಉತ್ತರ ಹೇಳಿದ, ಸೀಟಿ ಊದಲಿಲ್ಲ. ಅಟ್ಟದ ಕಾಯಿ ಗಡಗಡ ಎಂದು ಮಂಡಿಗೆ ಇಳಿದ ವಾರವೇ ಸಾಲವೂ ಮಂಜೂರಾಯಿತು.

ಕಾರ್ತಿಕದಲ್ಲಿ ಹಾಲುಕ್ಕಿತು. ಮರುದಿನ ಗಾನವಿ ಯಾರ ಸರದಿಯನ್ನೂ ಕಾಯದೆ ತನ್ನ ಕಲ್ಲಿನ ಮೇಲೆ ತೊಳೆದ ಬಟ್ಟೆಯನ್ನೇ ಮತ್ತೊಮ್ಮೆ ತೊಳೆಯುತ್ತಿದ್ದಳು. ಶಿವರಾಜು ಖಾಲಿ ಅಟ್ಟದ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಸಂಕ್ರಾಂತಿಯೊಳಗೆ ಇಲ್ಲೊಂದು ವ್ಯಾಯಾಮ ಶಾಲೆ ತೆರೆಯದಿದ್ದರೆ ನಾನು ಡ್ರಿಲ್ ಮೇಷ್ಟ್ರೇ ಅಲ್ಲ ಎಂದು ಶುರುಮಾಡಿದ. ಅಷ್ಟರಲ್ಲಿ ಬಾಗಿಲಲ್ಲಿ ಟೆಂಪೋ ಹಾರನ್ ಕೇಳಿಸಿತು. ಚಿಕ್ಕನಾಯಕನಹಳ್ಳಿಯಿಂದ ಗಾನವಿಯ ಅಪ್ಪನ ತೋಟದ ಕಾಯಿ ಬಂದಿತ್ತು, ಅಟ್ಟ ತುಂಬುವಷ್ಟು.

ಗಾನವಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ಗಂಡನ ಕೊರಳಿಂದ ಸೀಟಿ ಬಿಚ್ಚಿ, ಮೊದಲನೇ ಬುಟ್ಟಿಯ ಕಾಯಿಗಳ ಮೇಲಿಟ್ಟಳು.

“ಇದನ್ನೂ ಮೇಲಿಡಿ. ಒಂದೊರ್ಷ ಒಣಗ್ಲಿ.”

ಶಿವರಾಜು ಬುಟ್ಟಿ ಹೊತ್ತು ಏಣಿ ಹತ್ತಿದ, ಮೆತ್ತಗೆ.